ಹೊರಗೆ ಹೋದಾಗ ಮಗುವಿನ ಡೈಪರ್ ಎಲ್ಲಿ ಬದಲಿಸುತ್ತೀರಿ? ನಿನ್ನೆ ನಾನು ಬೈಸಿಕೊಂಡು ಬಂದೆ

ಮೊದಲ ಮಗುವಿನಮ್ಮ:
ಮಗಳಿಗೆ ಈಗ ನಾಲ್ಕು ತಿಂಗಳು. ನಿನ್ನೆ ಮೊದಲ ಸಲ ಅವಳನ್ನು ಎತ್ತಿಕೊಂಡು ನಾನೊಬ್ಬಳೇ ಹೊರಗೆ ಹೋಗಿದ್ದೆ. ಒಂದು ಹೋಟೆಲಿನಲ್ಲಿ ಕೂತಿದ್ದೆವು. ಹಾಲು ಕುಡಿದು ಐದು ನಿಮಿಷ ಆಗಿರಲಿಲ್ಲ, ಶುರುವಾಯಿತು. ಮೊದಲು ಸದ್ದು, ಆಮೇಲೆ ವಾಸನೆ, ಆಮೇಲೆ ಬೆನ್ನ ಹತ್ತಿರ ಅಂಗಿ ಒದ್ದೆ. ಶೌಚಾಲಯಕ್ಕೆ ಓಡಿದೆ. ಒಳಗೆ ಒಂದು ಕಮೋಡು, ಒಂದು ಬೇಸಿನ್ನು, ಒದ್ದೆ ನೆಲ. ಮಗುವನ್ನು ಮಲಗಿಸಲು ಮೊಳದಷ್ಟೂ ಜಾಗ ಇಲ್ಲ.

ವಾಪಸ್ ಬಂದು, ಕೂತಿದ್ದ ಉದ್ದನೆಯ ಸೀಟಿನ ಮೇಲೆ ಟವೆಲ್ ಹಾಸಿ ಅಲ್ಲೇ ಬದಲಿಸಿದೆ. ಪಕ್ಕದ ಟೇಬಲ್ಲಿನವರು ಎದ್ದು ನಿಂತರು. "ಇದು ಊಟ ಮಾಡುವ ಜಾಗ, ಅಷ್ಟೂ ಗೊತ್ತಾಗಲ್ವಾ ನಿಮಗೆ?" ಅಂದರು. ನನ್ನ ಕೈಯೆಲ್ಲಾ ಕಕ್ಕ, ಎದುರಿಗೆ ಅಳುವ ಮಗು. ನಾನೂ ಅತ್ತುಬಿಟ್ಟೆ.

ಕೇಳುವುದು ಎರಡೇ. ನಾನು ಮಾಡಿದ್ದು ತಪ್ಪಾ? ತಪ್ಪಾದರೆ, ಡೈಪರ್ ಬದಲಿಸುವ ಮೇಜೇ ಇಲ್ಲದ ಕಡೆ ನೀವೆಲ್ಲ ಏನು ಮಾಡುತ್ತೀರಿ?

ಅವಳಿ ಜವಳಿ:
ತಪ್ಪು ಒಪ್ಪು ಆಮೇಲೆ ನೋಡೋಣ. ಮೊದಲು ಒಂದು ಲೋಟ ನೀರು ಕುಡಿಯಿರಿ. ನಮ್ಮನೆಯಲ್ಲಿ ಇಬ್ಬರೂ ಒಟ್ಟಿಗೆ ಹುಟ್ಟಿದವರು. ಒಬ್ಬನದು ಮುಗಿಸಿ ಕೈ ತೊಳೆಯುವಷ್ಟರಲ್ಲಿ ಇನ್ನೊಬ್ಬನದು ತಯಾರು. ನಾನು ಇದನ್ನೆಲ್ಲ ಕಲಿತದ್ದೂ ಅತ್ತುಕೊಂಡೇ.

ಹಾಲು ಕುಡಿದ ಕೂಡಲೇ ಆಯಿತು ಅಂದಿರಲ್ಲ, ಅದು ನಿಮ್ಮ ಮಗಳೊಬ್ಬಳ ಕಥೆಯಲ್ಲ. ಹೊಟ್ಟೆಗೆ ಹಾಲು ಬಿದ್ದರೆ ದೊಡ್ಡ ಕರುಳು ಎಚ್ಚೆತ್ತು ತನ್ನಲ್ಲಿರುವುದನ್ನು ಮುಂದಕ್ಕೆ ನೂಕುತ್ತದೆ. ದೊಡ್ಡವರಿಗೂ ಹೀಗಾಗುತ್ತದೆ, ಎಳೆ ಮಕ್ಕಳಲ್ಲಿ ಇನ್ನೂ ಜೋರು. ಅದಕ್ಕೇ ನಾನು ಸಮಯದ ಲೆಕ್ಕ ಇಡುವುದು ಹಾಲಿನಿಂದ. ಹೊರಡುವ ಅರ್ಧ ಗಂಟೆ ಮೊದಲೇ ಕುಡಿಸುತ್ತೇನೆ. ಎಷ್ಟೋ ಸಲ ಮನೆಯಲ್ಲೇ ಮುಗಿದುಹೋಗುತ್ತದೆ. ಮುಗಿಯದ ದಿನ ದೇವರೇ ಗತಿ.

ಬೆನ್ನಿಗೆ ಏರುವುದಕ್ಕೆ ಇನ್ನೊಂದು ಕಾರಣ ಇರಬಹುದು. ಡೈಪರಿನ ಕಾಲಿನ ಸುತ್ತ ಸಣ್ಣ ನೆರಿಗೆ ಇರುತ್ತದೆ ನೋಡಿ. ಅದು ಒಳಕ್ಕೆ ಮಡಚಿಕೊಂಡಿದ್ದರೆ ಎಲ್ಲ ಹೊರಗೇ. ಹಾಕಿದ ಮೇಲೆ ಬೆರಳು ಆಡಿಸಿ ನೆರಿಗೆಯನ್ನು ಹೊರಕ್ಕೆ ತೆಗೆಯಿರಿ. ಪದೇ ಪದೇ ಸೋರುತ್ತಿದ್ದರೆ ಡೈಪರ್ ಚಿಕ್ಕದಾಗಿದೆ ಅಂತ ತಿಳಿಯಿರಿ. ತೂಕ ಇನ್ನೂ ಆ ಅಳತೆಯ ಒಳಗೇ ಇದ್ದರೂ ಮುಂದಿನ ಅಳತೆ ನೋಡಿ.

ಆ ಕೊಳೆ ಅಂಗಿಯನ್ನು ತಲೆಯ ಮೇಲಿಂದ ತೆಗೆದಿರಾ?

ಮೊದಲ ಮಗುವಿನಮ್ಮ:
ಹೌದು. ಕೂದಲಿಗೆಲ್ಲ ಮೆತ್ತಿತು. ನೆನಪಿಸಬೇಡಿ.

ಅವಳಿ ಜವಳಿ:
ಎಲ್ಲರೂ ಮೊದಲ ಸಲ ಹಾಗೇ ತೆಗೆಯುವುದು. ಎಳೆ ಮಕ್ಕಳ ಅಂಗಿಯ ಹೆಗಲಿನಲ್ಲಿ ಎರಡು ಪದರ ಒಂದರ ಮೇಲೊಂದು ಕೂತಿರುತ್ತದಲ್ಲ, ಅದು ಅಂದಕ್ಕೆ ಇಟ್ಟದ್ದಲ್ಲ. ಕುತ್ತಿಗೆ ಅಗಲವಾಗಿ ಬಿಚ್ಚಿಕೊಳ್ಳುತ್ತದೆ. ಹೆಗಲಿನಿಂದ ಕೆಳಕ್ಕೆ ಎಳೆದು ಕಾಲಿನ ಕಡೆಯಿಂದ ಕಳಚಬಹುದು. ನನಗೆ ಇದು ಗೊತ್ತಾಗುವ ಹೊತ್ತಿಗೆ ಮಕ್ಕಳಿಗೆ ಎಂಟು ತಿಂಗಳು.

ಮೂಲೆ ಟೇಬಲ್ಲಿನವನು:
ನನಗೆ ಮಕ್ಕಳಿಲ್ಲ. ಬೈದವರು ದನಿ ಏರಿಸಬಾರದಿತ್ತು, ಒಪ್ಪುತ್ತೇನೆ. ಆದರೆ ಅವರು ಹೇಳಿದ ಮಾತಿನಲ್ಲಿ ಏನು ತಪ್ಪಿದೆ? ನಾವು ತುತ್ತು ಬಾಯಿಗಿಡುವಾಗ ಎರಡು ಅಡಿ ದೂರದಲ್ಲಿ ಡೈಪರ್ ಬಿಚ್ಚಿದರೆ ಹೇಗಿರುತ್ತದೆ ಅಂತ ಯಾರೂ ಯೋಚಿಸುವುದಿಲ್ಲ. ವಾಸನೆಯ ಮಾತಷ್ಟೇ ಅಲ್ಲ. ಅದೇ ಸೀಟಿನ ಮೇಲೆ ಆಮೇಲೆ ಇನ್ನೊಬ್ಬರು ಕೂರುತ್ತಾರೆ, ಕೈ ಊರುತ್ತಾರೆ, ಅದೇ ಕೈಯಲ್ಲಿ ತಿನ್ನುತ್ತಾರೆ.

ಬಿಸಿಬಿಸಿ ಮಾತು:
ಓಹೋ, ಬಂದರಪ್ಪ ನೀತಿ ಹೇಳುವವರು. ನಾಲ್ಕು ತಿಂಗಳ ಕೂಸನ್ನು ಕಕ್ಕದಲ್ಲೇ ಕೂರಿಸಿ ನಿಮ್ಮ ಊಟ ಮುಗಿಯುವವರೆಗೆ ಕಾಯಬೇಕಿತ್ತಾ? ನೀವೂ ಒಂದು ಕಾಲಕ್ಕೆ ಲಂಗೋಟಿಯಲ್ಲೇ ಇದ್ದವರು ಸ್ವಾಮಿ.

ಮೂಲೆ ಟೇಬಲ್ಲಿನವನು:
ಇದ್ದೆ. ಆದರೆ ನನ್ನ ಲಂಗೋಟಿಯನ್ನು ಊಟದ ಎಲೆಯ ಪಕ್ಕ ಬಿಚ್ಚಿರಲಿಲ್ಲ ಅಂತ ನಂಬಿದ್ದೇನೆ.

ದಾದಿ ಅಕ್ಕ:
ಇಬ್ಬರೂ ಸ್ವಲ್ಪ ತಣ್ಣಗಾಗಿ. ಇಪ್ಪತ್ತು ವರ್ಷದಿಂದ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ, ಆ ಸಲುಗೆಯಿಂದ ಹೇಳುತ್ತೇನೆ. ಮೂಲೆ ಟೇಬಲ್ಲಿನವರ ಮಾತು ಸರಿ. ತಿನ್ನುವ ಮೇಜಿನ ಮೇಲೆ, ತಿನ್ನುವ ಕಡೆಯ ಸೀಟಿನ ಮೇಲೆ ಬೇಡ. ವಾಂತಿ ಭೇದಿ ತರುವ ವೈರಸ್ಸುಗಳು ಹರಡುವುದೇ ಕಕ್ಕದಿಂದ ಕೈಗೆ, ಕೈಯಿಂದ ಬಾಯಿಗೆ. ಮಗು ಗಟ್ಟಿಮುಟ್ಟಾಗಿ ಕಂಡರೂ ಅದರ ಮಲದಲ್ಲಿ ವೈರಸ್ ಇರಬಹುದು. ಭೇದಿ ತಡೆಯಲು ಬಾಯಿಗೆ ಹಾಕುವ ರೋಟಾ ಲಸಿಕೆ ಕೊಟ್ಟ ಮೇಲೂ ಕೆಲವು ದಿನ ಲಸಿಕೆಯ ವೈರಸ್ ಮಲದಲ್ಲಿ ಹೊರಬರುತ್ತದೆ. ಆಗ ಕೈ ತೊಳೆಯುವುದರಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು.

ಕೈಗೆ ಸ್ಯಾನಿಟೈಸರ್ ಸವರಿಕೊಂಡರೆ ಆಯಿತು ಅಂತ ಬಹಳ ಜನ ತಿಳಿದಿದ್ದಾರೆ. ಕೈಗೆ ಕಣ್ಣಿಗೆ ಕಾಣುವ ಕೊಳೆ ಮೆತ್ತಿದ್ದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಭೇದಿ ತರುವ ನೊರೊವೈರಸ್ಸಿಗಂತೂ ಅದು ಸಾಲದು. ಸೋಪು ಹಾಕಿ 20 ಸೆಕೆಂಡು ಉಜ್ಜಿ ತೊಳೆಯಬೇಕು. ನೀರೇ ಸಿಗದಿದ್ದರೆ ಮೊದಲು ವೈಪ್ಸಿನಿಂದ ಚೆನ್ನಾಗಿ ಒರೆಸಿ, ಆಮೇಲೆ ಸ್ಯಾನಿಟೈಸರ್ ಹಾಕಿ, ನೀರು ಸಿಕ್ಕ ಕೂಡಲೇ ತೊಳೆಯಿರಿ. ಮಗುವಿನ ಕೈಯನ್ನೂ ಒರೆಸಿ. ಅದು ಬದಲಿಸುವಾಗ ಎಲ್ಲೆಲ್ಲಿ ಕೈ ಇಟ್ಟಿರುತ್ತದೋ!

ಇನ್ನು ಜಾಗದ ಪ್ರಶ್ನೆ. ನಾನಾಗಿದ್ದರೆ ಮೊದಲು ಅಲ್ಲಿ ಕೆಲಸ ಮಾಡುವವರನ್ನೇ ಕೇಳುತ್ತಿದ್ದೆ. "ಮಗುವಿನ ಬಟ್ಟೆ ಬದಲಿಸಬೇಕು, ಒಂದು ರೂಮು, ಒಂದು ಮೂಲೆ ಇದೆಯಾ?" ಅಂತ. ಕೇಳಿದರೆ ಬೈಯುವವರು ಕಡಿಮೆ. ಅದೂ ಆಗಲಿಲ್ಲವೋ, ನೆಲ. ಹೌದು, ನೆಲವೇ. ಕೆಳಗೆ ನೀರು ಹೀರದ ಶೀಟು, ಅದರ ಮೇಲೆ ಟವೆಲ್. ನೆಲದಿಂದ ಯಾವ ಮಗುವೂ ಕೆಳಗೆ ಬೀಳುವುದಿಲ್ಲ. ಬೋರಲು ಬೀಳಲು ಕಲಿಯುವ ವಯಸ್ಸಿಗೆ ನಿಮ್ಮ ಮಗಳು ಬಂದಾಯಿತು. ಇವತ್ತು ಮಗುಚದ ಮಗು ನಾಳೆ ಮೇಜಿನ ಅಂಚಿನಲ್ಲಿ ಮಗುಚಬಹುದು. ಮೇಜಿಗೆ ಬೆಲ್ಟ್ ಇದ್ದರೆ ಹಾಕಿ, ಆದರೂ ಒಂದು ಕೈ ಮಗುವಿನ ಮೇಲೇ ಇರಲಿ. "ವೈಪ್ಸ್ ತೆಗೆದುಕೊಳ್ಳಲು ಒಂದೇ ಕ್ಷಣ ತಿರುಗಿದೆ ಸಿಸ್ಟರ್" ಅನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಬಿಸಿಬಿಸಿ ಮಾತು:
ಅಕ್ಕ ಹೇಳಿದರೆ ಒಪ್ಪಿಕೊಳ್ಳುತ್ತೇನೆ. ಮೂಲೆಯವರಿಗೆ ಅಲ್ಲ.

ಹೆಗಲ ಮೇಲೆ ಚೀಲ:
ಅಪ್ಪನ ಕಡೆಯಿಂದ ಒಂದು ಮಾತು. ಮೇಜು ಇರುವ ಕಡೆಯೂ ಅದನ್ನು ಇಡುವುದು ಹೆಂಗಸರ ಶೌಚಾಲಯದಲ್ಲಿ. ಮಗನನ್ನು ಎತ್ತಿಕೊಂಡು ನಾನೊಬ್ಬನೇ ಹೋದರೆ ನನಗೆ ದಕ್ಕುವುದು ಕೈ ಒಣಗಿಸುವ ಯಂತ್ರ, ಅದರ ಸದ್ದಿಗೆ ಬೆಚ್ಚಿ ಕಿರುಚುವ ಮಗ. ಒಂದು ಸಲ ಬೇಸಿನ್ನಿನ ಪಕ್ಕದ ಕಲ್ಲಿನ ಮೇಲೆ ಮಲಗಿಸಿದೆ. ಅರ್ಧ ಮಗು ಕಲ್ಲಿನ ಮೇಲೆ, ಅರ್ಧ ಮಗು ನನ್ನ ಕೈಮೇಲೆ. ಇನ್ನೊಂದು ಸಲ ಹೆಂಗಸರ ಶೌಚಾಲಯದ ಬಾಗಿಲಲ್ಲಿ ನಿಂತು, ಒಳಗೆ ಹೋಗುವವರ ಹತ್ತಿರ "ಸ್ವಲ್ಪ ಆ ಮೇಜು..." ಅಂತ ತೊದಲಿದೆ. ಒಬ್ಬ ಅಜ್ಜಿ ಮಗುವನ್ನು ಕೈಯಿಂದ ಇಸಿದುಕೊಂಡು ಹೋಗಿ ಎರಡು ನಿಮಿಷದಲ್ಲಿ ಬದಲಿಸಿ ತಂದು ಕೊಟ್ಟರು. "ನೀನೂ ಕಲ್ತ್ಕೋ ಮಗಾ" ಅಂದರು. ಅಜ್ಜೀ, ನನಗೆ ಬರುತ್ತೆ, ಜಾಗ ಇಲ್ಲ ಅಷ್ಟೇ, ಅನ್ನಬೇಕು ಅಂದುಕೊಂಡೆ. ಬಾಯಿ ಬರಲಿಲ್ಲ.

ಅಮೆರಿಕದಲ್ಲಿ 2016ರಲ್ಲಿ ಇದಕ್ಕೇ ಒಂದು ಕಾನೂನು ಬಂತು. ಜನ ಹೋಗಿ ಬರುವ ಅಲ್ಲಿನ ಕೇಂದ್ರ ಸರ್ಕಾರದ ಕಟ್ಟಡಗಳಲ್ಲಿ ಗಂಡಸರ ಶೌಚಾಲಯದಲ್ಲೂ ಮೇಜು ಇರಬೇಕು ಅಂತ. ಖಾಸಗಿ ಹೋಟೆಲು ಅಂಗಡಿಗಳಿಗೆ ಆ ಕಾನೂನು ತಾಗುವುದಿಲ್ಲ. ಆದರೂ ಡೈಪರ್ ಬದಲಿಸುವ ಗಂಡಸರೂ ಇದ್ದಾರೆ ಅಂತ ಕಾಗದದ ಮೇಲಾದರೂ ಒಪ್ಪಿಕೊಂಡರಲ್ಲ.

ಮೇಜೇ ಇಲ್ಲದ ಕಡೆ ನನ್ನ ಉಪಾಯ ಇದು. ಕಮೋಡಿನ ಮುಚ್ಚಳ ಹಾಕಿ ಅದರ ಮೇಲೆ ಕೂರುತ್ತೇನೆ. ಮೊಣಕಾಲು ಜೋಡಿಸಿ, ತೊಡೆಯ ಮೇಲೆ ಶೀಟು ಹಾಸುತ್ತೇನೆ. ಮಗನ ತಲೆ ನನ್ನ ಮೊಣಕಾಲಿನ ಕಡೆ, ಕಾಲು ನನ್ನ ಹೊಟ್ಟೆಯ ಕಡೆ. ಚೀಲವನ್ನು ನೆಲಕ್ಕೆ ಇಡದೆ ಬಾಗಿಲ ಕೊಕ್ಕೆಗೆ ಹಾಕುತ್ತೇನೆ. ಬೇಕಾದ್ದನ್ನೆಲ್ಲ ಮೊದಲೇ ಜೇಬಿಗೆ ಹಾಕಿಕೊಂಡಿರುತ್ತೇನೆ, ಆಮೇಲೆ ಏಳುವ ಹಾಗಿಲ್ಲ ನೋಡಿ. ಆರು ತಿಂಗಳವರೆಗೆ ಚೆನ್ನಾಗಿ ನಡೆಯಿತು. ಈಗ ಅವನು ಒದೆಯುವ ಜೋರಿಗೆ ನಾನೇ ಬೀಳುತ್ತೇನೆ.

ಅವಳಿ ಜವಳಿ:
ಬೇಕಾದ್ದನ್ನು ಮೊದಲೇ ತೆಗೆದಿಟ್ಟುಕೊಳ್ಳುವುದು, ಅರ್ಧ ಕೆಲಸ ಅದೇ. ದೊಡ್ಡ ಚೀಲ ಹೇಗೂ ಇರುತ್ತದೆ. ಅದರೊಳಗೆ ಒಂದು ಪುಟ್ಟ ಚೀಲ ಬೇರೆಯಾಗಿ ಇಡಿ. ಎರಡು ಡೈಪರ್, ಸಣ್ಣ ಪೊಟ್ಟಣದ ವೈಪ್ಸ್, ಮಡಚುವ ಶೀಟು, ಮೂರು ನಾಲ್ಕು ಪ್ಲಾಸ್ಟಿಕ್ ಕವರ್, ಒಂದು ಜೊತೆ ಬಟ್ಟೆ. ಶೌಚಾಲಯಕ್ಕೆ ಅದೊಂದನ್ನೇ ಒಯ್ಯಿರಿ. ವೈಪ್ಸಿನ ಮುಚ್ಚಳ ಸರಿಯಾಗಿ ಅಂಟಿದೆಯಾ ಅಂತ ವಾರಕ್ಕೊಮ್ಮೆ ನೋಡಿ. ಒಣಗಿದ ವೈಪ್ಸಿನಷ್ಟು ಕೈಕೊಡುವ ವಸ್ತು ಇನ್ನೊಂದಿಲ್ಲ.

ಬಿಚ್ಚುವ ಮೊದಲೇ ಹೊಸ ಡೈಪರನ್ನು ಹಳೆಯದರ ಕೆಳಗೆ ಸರಿಸಿಬಿಡಿ. ಆಮೇಲೆ ಹಳೆಯದನ್ನು ಬಿಚ್ಚಿ, ಅದರ ಮುಂಭಾಗದ ಒಣ ಕಡೆಯಿಂದಲೇ ಒಂದು ಸಲ ಒರೆಸಿ, ಮಡಚಿ ಅಂಡಿನ ಕೆಳಗೇ ಬಿಡಿ. ವೈಪ್ಸಿನಿಂದ ಮುಂದಿನಿಂದ ಹಿಂದಕ್ಕೆ ಒರೆಸಿ. ಹೆಣ್ಣು ಮಗುವಿಗಂತೂ ಹಿಂದಿನಿಂದ ಮುಂದಕ್ಕೆ ಒರೆಸಲೇಬಾರದು, ಸೋಂಕು ಮೂತ್ರದ ದಾರಿಗೆ ಹೋಗುತ್ತದೆ. ಆಮೇಲೆ ಹಳೆಯದನ್ನು ಎಳೆದುಬಿಟ್ಟರೆ ಕೆಳಗೆ ಹೊಸದು ಕಾದಿರುತ್ತದೆ. ಗಂಡು ಮಕ್ಕಳಾದರೆ ಬಿಚ್ಚಿದ ಕೂಡಲೇ ಮೇಲೊಂದು ಬಟ್ಟೆ ಹಾಕಿ. ತಣ್ಣನೆ ಗಾಳಿ ಸೋಕಿದರೆ ಕಾರಂಜಿ. ನನ್ನ ಕನ್ನಡಕ ಎರಡು ಸಲ ಸ್ನಾನ ಮಾಡಿದೆ.

ಪೊರಕೆ ಹಿಡಿದವಳು:
ನಾನು ಬರೆಯಬೇಕೋ ಬೇಡವೋ ಅಂತ ಬೆಳಗ್ಗೆಯಿಂದ ಯೋಚನೆ ಮಾಡಿದೆ. ನೀವೆಲ್ಲ ಹೇಳುವ ಆ ಶೌಚಾಲಯ ತೊಳೆಯುವುದು ನನ್ನಂಥವರು. ಯಾರೂ ನಮ್ಮ ಮಾತು ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಗು ಕೊಳೆ ಮಾಡಿತು ಅಂತ ನಮಗೆ ಬೇಸರ ಇಲ್ಲ. ನನ್ನವೂ ಮೂರು. ಬೇಸರ ಆಗುವುದು ದೊಡ್ಡವರ ಮೇಲೆ. ಡೈಪರನ್ನು ಬಿಚ್ಚಿದ ಹಾಗೇ ಮೇಜಿನ ಮೇಲೆ ಬಿಟ್ಟು ಹೋಗುತ್ತಾರೆ. ಬೇಸಿನ್ನಿನಲ್ಲಿ ಅಂಡು ತೊಳೆದು, ಗಟ್ಟಿ ಕಕ್ಕ ಜಾಲರಿಯಲ್ಲಿ ನಿಂತರೂ ನೋಡದೆ ಹೋಗುತ್ತಾರೆ. ಕಮೋಡಿಗೆ ವೈಪ್ಸ್ ಹಾಕುತ್ತಾರೆ. ಕಾಗದದ ಹಾಗೆ ಕಾಣುತ್ತದೆ, ಆದರೆ ನೀರಿನಲ್ಲಿ ಅದು ಕರಗುವುದಿಲ್ಲ. ಪೈಪಿನೊಳಗೆ ಒಂದಕ್ಕೊಂದು ಸುತ್ತಿಕೊಂಡು ಹಗ್ಗ ಆಗುತ್ತದೆ. ಇಡೀ ಡೈಪರನ್ನೇ ಕಮೋಡಿಗೆ ತುರುಕಿದವರನ್ನೂ ನೋಡಿದ್ದೇನೆ. ಡೈಪರಿನ ಒಳಗೆ ಬಿಳಿ ಪುಡಿ ಇದೆಯಲ್ಲ, ಉಚ್ಚೆ ಹೀರಿ ಅಂಟಿನ ಹಾಗೆ ಆಗುತ್ತದಲ್ಲ, ಅದು ಸಿಕ್ಕಿದಷ್ಟು ನೀರು ಕುಡಿದು ಊದಿಕೊಳ್ಳುತ್ತದೆ. ಆಮೇಲೆ ಮೇಲಕ್ಕೂ ಬರುವುದಿಲ್ಲ, ಕೆಳಕ್ಕೂ ಹೋಗುವುದಿಲ್ಲ. ಕೈ ಹಾಕಿ ತೆಗೆಯುವವರು ನಾವು.

ಹೀಗೆ ಮಾಡಿ. ಗಟ್ಟಿ ಕಕ್ಕ ಇದ್ದರೆ ಅದನ್ನು ಮಾತ್ರ ಕಮೋಡಿಗೆ ಬೀಳಿಸಿ ನೀರು ಬಿಡಿ. ಡೈಪರನ್ನು ಒಳಮುಖವಾಗಿ ಬಿಗಿಯಾಗಿ ಸುತ್ತಿ, ಅದರದೇ ಅಂಟು ಪಟ್ಟಿಯಿಂದ ಕಟ್ಟಿ. ವೈಪ್ಸೂ ಅದರೊಳಗೇ ಹೋಗಲಿ. ಕವರಿಗೆ ಹಾಕಿ ಗಂಟು ಹಾಕಿ ಕಸದ ಡಬ್ಬಿಗೆ ಹಾಕಿ. ಡಬ್ಬಿ ತುಂಬಿದ್ದರೆ ಮೇಲೆ ಪೇರಿಸಬೇಡಿ, ನಿಮ್ಮ ಜೊತೆ ಒಯ್ಯಿರಿ. ಹೊರಡುವ ಮೊದಲು ಮೇಜನ್ನು ಒಂದು ಸಲ ಒರೆಸಿ. ನೀವು ಮಲಗಿಸುವ ಮೊದಲೂ ಒರೆಸಿ, ಹಿಂದಿನವರು ಒರೆಸಿದ್ದಾರೆ ಅಂತ ನಂಬಬೇಡಿ.

ಮೊದಲ ಮಗುವಿನಮ್ಮ, ನೀವು ಸೀಟು ಒರೆಸಿ ಬಂದಿರಾ?

ಮೊದಲ ಮಗುವಿನಮ್ಮ:
ಇಲ್ಲ ಅಕ್ಕ. ಅಳುತ್ತಾ ಎದ್ದು ಬಂದುಬಿಟ್ಟೆ. ಟವೆಲ್ ಹಾಸಿದ್ದೆ, ಆದರೆ ಅದು ನೀರು ಹೀರುವ ಟವೆಲ್. ಈಗ ಯೋಚಿಸಿದರೆ ಕೆಳಗೆ ಇಳಿದಿರಲೂಬಹುದು. ಆ ಪಕ್ಕದವರ ಮೇಲಿನ ನನ್ನ ಸಿಟ್ಟು ಈಗ ಅರ್ಧ ಆಯಿತು.

ಮೂಲೆ ಟೇಬಲ್ಲಿನವನು:
ಪೊರಕೆ ಹಿಡಿದವರು ಬರೆದದ್ದು ಓದಿ ನನಗೂ ಸ್ವಲ್ಪ ನಾಚಿಕೆ ಆಯಿತು. ನಾನು ತಿನ್ನುವವರ ಕಷ್ಟವನ್ನಷ್ಟೇ ಯೋಚಿಸಿದ್ದೆ. ಅಂದ ಹಾಗೆ, ಇನ್ನು ಮೇಲೆ ಯಾರಾದರೂ ಹಾಗೆ ಸಿಕ್ಕಿಕೊಂಡಿದ್ದರೆ ಬೈಯುವ ಬದಲು ಏನು ಮಾಡಿದರೆ ಸಹಾಯ ಆಗುತ್ತದೆ? ವ್ಯಂಗ್ಯ ಅಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಹೆಗಲ ಮೇಲೆ ಚೀಲ:
ಒಂದು ಕವರ್ ಕೊಡಿ. ಇಲ್ಲವೇ ಚೀಲ ಹಿಡಿದುಕೊಳ್ಳಿ. ಮಗುವಿನ ಮುಖದ ಮುಂದೆ ಕೀಲಿ ಗೊಂಚಲು ಅಲ್ಲಾಡಿಸಿದರೂ ಸಾಕು. ಮೂರನೇ ಕೈ ಎಲ್ಲಿಂದ ಬಂದರೂ ವರವೇ.

ಬಟ್ಟೆ ಲಂಗೋಟಿ:
ಎಲ್ಲರೂ ಬಿಸಾಡುವ ಡೈಪರಿನ ಮಾತೇ ಆಡುತ್ತಿದ್ದೀರಿ. ನಾನು ಹೊರಗೂ ಬಟ್ಟೆಯದನ್ನೇ ಬಳಸುತ್ತೇನೆ, ನಡೆಯುತ್ತದೆ. ಕಷ್ಟ ಒಂದೇ, ಕೊಳೆಯಾದದ್ದನ್ನು ಮನೆವರೆಗೆ ಹೊರಬೇಕು. ಜಿಪ್ ಇರುವ, ನೀರು ಸೋರದ ಚೀಲ ಒಂದಿದ್ದರೆ ವಾಸನೆಯೂ ಹೊರಗೆ ಬರುವುದಿಲ್ಲ. ಗಟ್ಟಿ ಇದ್ದದ್ದನ್ನು ಕಮೋಡಿಗೆ ಬೀಳಿಸಿ, ಉಳಿದದ್ದನ್ನು ಒಳಕ್ಕೆ ಮಡಚಿ ಚೀಲಕ್ಕೆ ಹಾಕುತ್ತೇನೆ. ಹೊರಗೆ ತೊಳೆಯುವ ಗೋಜಿಗೆ ಹೋಗುವುದಿಲ್ಲ.

ಬಟ್ಟೆಯ ಮೇಲೆ ಹಾಕುವ ನೀರು ಸೋರದ ಕವರ್ ಇದೆಯಲ್ಲ, ಅದರ ಕಥೆ ನನಗೆ ಬಹಳ ಇಷ್ಟ. 1946ರಲ್ಲಿ ಅಮೆರಿಕದಲ್ಲಿ ಮರಿಯನ್ ಡೊನೊವನ್ ಎಂಬ ತಾಯಿ, ಮಗುವಿನ ಹಾಸಿಗೆ ದಿನಾ ಒದ್ದೆಯಾಗುವುದನ್ನು ನೋಡಿ ಸಾಕಾಗಿ, ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆಯನ್ನೇ ಕತ್ತರಿಸಿ ಹೊಲಿಗೆ ಯಂತ್ರಕ್ಕೆ ಕೊಟ್ಟರು. ಪಿನ್ನು ಚುಚ್ಚುವ ಬದಲು ಒತ್ತುಗುಂಡಿ ಇಟ್ಟರು. 1951ರಲ್ಲಿ ಪೇಟೆಂಟ್ ಸಿಕ್ಕಿತು. ನೀವು ಹೊರಗೆ ಹೋಗುವಾಗ ಒಯ್ಯುವ ಶೀಟು ಇದೆಯಲ್ಲ, ಅದೂ ಅಂಥದೇ ಒಂದು ತುಂಡು ಇದ್ದರೆ ಸಾಕು. ಅಂದವಾದದ್ದು ಬೇಡ, ಒರೆಸಿದರೆ ಸ್ವಚ್ಛವಾಗುವಂಥದ್ದು ಬೇಕು.

ಸದಾ ಪ್ರಯಾಣ:
ವಾಹನದ ಬಗ್ಗೆ ಯಾರೂ ಹೇಳಿಲ್ಲ. ಕಾರು ಇದ್ದರೆ ಡಿಕ್ಕಿಯಷ್ಟು ಒಳ್ಳೆಯ ಮೇಜು ಇನ್ನೊಂದಿಲ್ಲ. ಸೊಂಟದ ಎತ್ತರಕ್ಕೆ ಇರುತ್ತದೆ, ನಾವು ಬಗ್ಗಬೇಕಿಲ್ಲ. ಆದರೆ ಕಾರು ಸಮತಟ್ಟಾದ ಜಾಗದಲ್ಲಿ, ರಸ್ತೆಯಿಂದ ದೂರ ನಿಂತಿರಬೇಕು. ಓಡುವ ಕಾರಿನಲ್ಲಿ ಮಾತ್ರ ಮಗುವಿನ ಬೆಲ್ಟ್ ಬಿಚ್ಚಬೇಡಿ. ಎಷ್ಟೇ ಅತ್ತರೂ, ಎಷ್ಟೇ ನಾರಿದರೂ, ನಿಲ್ಲಿಸಿ ಬದಲಿಸಿ. ಹಿಂದಕ್ಕೆ ಪೂರ್ತಿ ಮಲಗುವ ತಳ್ಳುಗಾಡಿ ಇದ್ದರೆ ಅದೂ ಆಗುತ್ತದೆ, ಬ್ರೇಕ್ ಹಾಕಿಕೊಳ್ಳಿ.

ವಿಮಾನದಲ್ಲಿ ಹತ್ತಿದ ಕೂಡಲೇ ಸಿಬ್ಬಂದಿಯನ್ನು ಕೇಳಿ, ಯಾವ ಶೌಚಾಲಯದಲ್ಲಿ ಮಡಚುವ ಮೇಜು ಇದೆ ಅಂತ. ಎಲ್ಲದರಲ್ಲೂ ಇರುವುದಿಲ್ಲ. ಅದು ಕಮೋಡಿನ ಮೇಲೆ ಕೆಳಕ್ಕೆ ಬಿಚ್ಚಿಕೊಳ್ಳುತ್ತದೆ, ಅಗಲ ಅಷ್ಟಕ್ಕಷ್ಟೆ. ಊಟ ಇಡುವ ಹಲಗೆಯ ಮೇಲೆ ಬದಲಿಸಿದವರನ್ನು ನೋಡಿ ನಾನು ಆಮೇಲೆ ಆ ಹಲಗೆಯನ್ನು ಒರೆಸದೆ ಮುಟ್ಟಿಲ್ಲ. ಬಳಸಿದ ಡೈಪರನ್ನು ಊಟ ಹಂಚುವವರ ಕೈಗೆ ಕೊಡಬೇಡಿ, ಶೌಚಾಲಯದ ಡಬ್ಬಿಗೇ ಹಾಕಿ.

ಕುಣಿಯುವ ಕೂಸು:
ನನ್ನ ಮಗನಿಗೆ ಒಂದೂವರೆ ವರ್ಷ. ಮಲಗಿಸಿದರೆ ಮೀನಿನ ಹಾಗೆ ಜಾರಿಕೊಳ್ಳುತ್ತಾನೆ. ಹೊರಗೆ ಏನು ಮಾಡುವುದು?

ಅವಳಿ ಜವಳಿ:
ಮಲಗಿಸಬೇಡಿ, ನಿಲ್ಲಿಸಿಯೇ ಬದಲಿಸಿ. ಚಡ್ಡಿಯಂಥ ಡೈಪರ್ ಸಿಗುತ್ತದೆ, ಅದರ ಬದಿಯ ಹೊಲಿಗೆ ಹರಿದರೆ ಕೆಳಗೆ ಎಳೆಯದೆ ತೆಗೆಯಬಹುದು. ಗೋಡೆಗೆ ಎರಡೂ ಕೈ ಇಟ್ಟು "ಗೋಡೆ ಬೀಳದ ಹಾಗೆ ಹಿಡ್ಕೋ" ಅನ್ನಿ. ನನ್ನವರಿಬ್ಬರೂ ಒಂದು ವರ್ಷ ಗೋಡೆ ಹಿಡಿದು ಕಾಪಾಡಿದ್ದಾರೆ. ಬರೀ ಉಚ್ಚೆಯಾಗಿದ್ದರೆ ಒಂದು ನಿಮಿಷದ ಕೆಲಸ.

ದೊಡ್ಡ ಮಗುವಿನಪ್ಪ:
ನನ್ನ ಮಗಳಿಗೆ ಹನ್ನೊಂದು ವರ್ಷ. ನಡೆಯಲಾರಳು, ಈಗಲೂ ಡೈಪರ್ ಹಾಕುತ್ತೇವೆ. ಗೋಡೆಯ ಆ ಪುಟ್ಟ ಮೇಜು ಅವಳಿಗೆ ಸಾಲುವುದಿಲ್ಲ, ತೂಕವನ್ನೂ ತಡೆಯುವುದಿಲ್ಲ. ಶೌಚಾಲಯದ ನೆಲದ ಮೇಲೆ ಮಲಗಿಸಿ ಬದಲಿಸಿದ್ದೇನೆ, ಪ್ರತಿ ಸಲವೂ ಕಣ್ಣು ತುಂಬಿದೆ. ಬ್ರಿಟನ್ನಿನಲ್ಲಿ 2006ರಿಂದ 'ಚೇಂಜಿಂಗ್ ಪ್ಲೇಸಸ್' ಅಂತ ಒಂದು ಚಳವಳಿ ನಡೆಯುತ್ತಿದೆ. ದೊಡ್ಡವರೂ ಮಲಗುವಂಥ ಹಲಗೆ, ಎತ್ತಿ ಮಲಗಿಸುವ ಯಂತ್ರ ಇರುವ ಶೌಚಾಲಯ ಬೇಕು ಅಂತ. ಇಂಗ್ಲೆಂಡಿನಲ್ಲಿ 2021ರಿಂದ ಹೊಸದಾಗಿ ಕಟ್ಟುವ ದೊಡ್ಡ ಸಾರ್ವಜನಿಕ ಕಟ್ಟಡಗಳಿಗೆ ಅಂಥ ಶೌಚಾಲಯವನ್ನು ಕಡ್ಡಾಯ ಮಾಡಿದ್ದಾರೆ. ನಿಮ್ಮ ಮಾತಿನ ನಡುವೆ ಬಾಯಿ ಹಾಕಿದೆ, ಕ್ಷಮಿಸಿ. ಮೇಜು ಬೇಕು ಅಂತ ಯಾರನ್ನಾದರೂ ಕೇಳುವಾಗ ನಮ್ಮಂಥವರದ್ದೂ ಸೇರಿಸಿ ಕೇಳಿ.

ದಾದಿ ಅಕ್ಕ:
ಇದರಲ್ಲಿ ಕ್ಷಮಿಸುವುದು ಏನೂ ಇಲ್ಲ ಸರ್. ಒಳ್ಳೆಯದಾಯಿತು ಬರೆದದ್ದು.

ಮೊದಲ ಮಗುವಿನಮ್ಮ:
ಎಲ್ಲರಿಗೂ ಹೇಳಬೇಕಿತ್ತು. ಇವತ್ತು ಅದೇ ಹೋಟೆಲಿಗೆ ಮತ್ತೆ ಹೋಗಿದ್ದೆ. ಪುಟ್ಟ ಚೀಲ, ಶೀಟು, ಕವರ್, ಎರಡು ಜೊತೆ ಬಟ್ಟೆ, ನನಗೂ ಒಂದು ಅಂಗಿ. ಹೊರಡುವ ಅರ್ಧ ಗಂಟೆ ಮೊದಲು ಹಾಲು. ಒಳಗೆ ಕಾಲಿಟ್ಟ ಕೂಡಲೇ ಕೌಂಟರಿನಲ್ಲಿ ಇದ್ದವರನ್ನು ಕೇಳಿದೆ. ಹಿಂದೆ ಸಾಮಾನು ಇಡುವ ಒಂದು ಕೋಣೆ ತೋರಿಸಿದರು. ಒಳಗೆ ಗೋಡೆಗೆ ಒತ್ತಿಕೊಂಡು ಒಂದು ಖಾಲಿ ಬೆಂಚು. "ಅವತ್ತೂ ಕೇಳಿದ್ದರೆ ಕೊಡುತ್ತಿದ್ದೆವಮ್ಮಾ" ಅಂದರು. ಅವತ್ತು ಹಾಗೇ ಬಿಟ್ಟು ಹೋದದ್ದಕ್ಕೆ ತಪ್ಪಾಯಿತು ಅಂದೆ. ಸೀಟು ಒರೆಸಿದ ಹುಡುಗನಿಗೂ ಹೇಳಿದೆ. ಅವನು ನಕ್ಕ.

ಒಂದೂವರೆ ಗಂಟೆ ಕೂತಿದ್ದೆವು. ಮಗಳು ಏನೂ ಮಾಡಲಿಲ್ಲ. ನಗುತ್ತಾ ಸುಮ್ನೆ ಫ್ಯಾನ್ ನೋಡುತ್ತಾ ಮಲಗಿದ್ದಳು. ಮನೆಗೆ ಬಂದು ಬೀಗ ತೆಗೆಯುವಾಗ ಸದ್ದು ಕೇಳಿಸಿತು.